ನಿಷಿದ್ಧವಾದ ಓದು ಮತ್ತು ‘ಹಳದಿಯ ಗೋಡೆಕಾಗದ’

ಗ್ರಂಥವ್ಯಾಸಂಗದಲ್ಲಿಯೇ ಆಯುಸ್ಸನ್ನು ಕಳೆದವರಿಗೂ ಒಂದೊಂದು ಕಾಲದಲ್ಲಿ ಓದಿನ ವಿಷಯವಾಗಿ ಅರುಚಿಯುಂಟಾಗುವುದುಂಟು. ಜ್ವರ ಬಂದವನಿಗೆ ಅನ್ನ ಬೇಡವಾಗುವಂತೆ ಪುಸ್ತಕವೇ ಬೇಡವಾಗುತ್ತದೆ. ಕಣ್ಣು ಅಕ್ಷರಗಳ ಮೇಲೆ ಹರಿದರೂ ಮನಸ್ಸು ಅರ್ಥದೊಳಕ್ಕೆ ಇಳಿಯುವುದಿಲ್ಲ. ಈ ಅವಸ್ಥೆಯನ್ನು ಅನುಭವಿಸಿದವರು ಅನೇಕರಿದ್ದರೂ ಬರೆದಿಟ್ಟವರು ಕೆಲವರೇ. ಅಂಥವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬನು. 1876ರಲ್ಲಿ, ಅರವತ್ತೇಳು ವರ್ಷ ತುಂಬಿದ ಮೇಲೆ, ತನ್ನ ಮಕ್ಕಳಿಗಾಗಿ ಬರೆದ ಆತ್ಮಕಥೆಯಲ್ಲಿ ಆತನು ಹೇಳಿಕೊಂಡಿರುವುದೇನೆಂದರೆ: ಮೂವತ್ತು ವರ್ಷಗಳವರೆಗೂ ತನಗೆ ಕಾವ್ಯದಲ್ಲಿ ಬಹಳ ಪ್ರೀತಿಯಿತ್ತು, ಈಗ ಒಂದು ಸಾಲನ್ನೂ ಸಹಿಸಲಾಗುವುದಿಲ್ಲ, ಶೇಕ್ಸ್‌ಪಿಯರನನ್ನು ಓದಲು ಪ್ರಯತ್ನಿಸಿದರೆ ಓಕರಿಕೆ ಬರುವಷ್ಟು ಬೇಸರವಾಯಿತು. ಆದರೆ ಕಾದಂಬರಿಗಳು ಮಾತ್ರ ಆತನಿಗೆ ಪಥ್ಯವಾಗಿದ್ದುವು. ಮನೆಯವರು ಗಟ್ಟಿಯಾಗಿ ಓದುತ್ತಿದ್ದರೆ ಆತನು ಕೇಳುತ್ತ ವಿಶ್ರಮಿಸಿಕೊಳ್ಳುತ್ತಿದ್ದನು. ಕಾದಂಬರಿಯ ಮುಕ್ತಾಯವು ದುಃಖಕರವಾಗಿರಬಾರದು, ಅಂಥ ಮುಕ್ತಾಯಗಳ ವಿರುದ್ಧವಾಗಿ ಒಂದು ಕಾನೂನನ್ನೇ ಮಾಡಬೇಕು, ಕಥೆಯಲ್ಲಿ ಪ್ರೀತಿಸತಕ್ಕ ಒಂದು ಪಾತ್ರವಿರಬೇಕು, ಅದು ಸುಂದರಿಯಾದ ಸ್ತ್ರೀಯಾದರೆ ಮತ್ತೂ ಒಳ್ಳೆಯದು—ಹೀಗೆ ಅರ್ಧ ವಿನೋದವಾಗಿ ಆತನು ತನ್ನ ಔಷಧದ ಲಕ್ಷಣವನ್ನು ವಿಧಿಸಿದ್ದಾನೆ. ಈ ಆತ್ಮಕಥೆಯು ಡಾರ್ವಿನನು ತೀರಿಕೊಂಡ ಮೇಲೆ, 1887ರಲ್ಲಿ, ಆತನ ಮಗನು ಸಂಪಾದಿಸಿದ ಜೀವನಚರಿತ್ರೆಯೊಡನೆ ಪ್ರಕಟವಾಯಿತು.

ಅದೇ 1887ರ ವಸಂತದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಚಿಕಿತ್ಸಾಲಯದಲ್ಲಿ ಇಪ್ಪತ್ತಾರು ವರ್ಷದ ಒಬ್ಬ ಗೃಹಿಣಿಯನ್ನು ಹಾಸಿಗೆಯಲ್ಲಿ ಮಲಗಿಸಿದ್ದರು. ಆಕೆಯ ಹೆಸರು ಆಗ ಚಾರ್ಲಟ್ ಪರ್ಕಿನ್ಸ್ ಸ್ಟೆಟ್ಸನ್. ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿರುವುದು, 1900ರ ಎರಡನೆಯ ವಿವಾಹದಿಂದ ಬಂದ ಚಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಹೆಸರು. ಓದಿನ ಅರುಚಿಗೆ ಈಕೆಯ ಸಾಕ್ಷ್ಯವು ಡಾರ್ವಿನನ ಸಾಕ್ಷ್ಯಕ್ಕಿಂತ ಕಠೋರವಾದುದು. ಚಿಕ್ಕಂದಿನಲ್ಲಿ ಮಿಠಾಯಿ ಅಂಗಡಿಯನ್ನು ಕಂಡ ಮಗುವಿನಂತೆ ತನ್ನನ್ನು ಸೆಳೆಯುತ್ತಿದ್ದ ಪುಸ್ತಕಭಂಡಾರವು, ಕಾಯಿಲೆಯಾದ ಮೇಲೆ, ಸುಮ್ಮನೆ ಕಣ್ಣಿನಿಂದ ನೋಡಿದರೂ ಸಾಕು, ಭಯಂಕರವಾದ ಆಯಾಸವನ್ನು ತರುತ್ತಿತ್ತೆಂದು ಆಕೆ ಮುಪ್ಪಿನಲ್ಲಿ ಬರೆದಿದ್ದಾಳೆ. ಸುಲಭವಾದ ಪುಸ್ತಕಗಳೂ ಆಕೆಗೆ ಭಾರವಾದುವು. ಅಂಥವಳು ಬರೆದ ಒಂದು ಸಣ್ಣ ಕಥೆ, ಡಾರ್ವಿನನು ನಿಷೇಧಿಸಬೇಕೆಂದ ಲಕ್ಷಣಗಳನ್ನೆಲ್ಲ ತನ್ನಲ್ಲಿ ಕೂಡಿಸಿಕೊಂಡಿರುವ ಕಥೆ, ಓದಿನಲ್ಲಿ ಬೇಸರಗೊಂಡವರನ್ನು ಇಂದಿಗೂ ಪುಸ್ತಕದ ಕಡೆಗೆ ಎಳೆದು ತರುತ್ತಿರುವುದು ವಿಚಾರಾರ್ಹವಾದ ಸಂಗತಿ.

ಚಾರ್ಲಟಳು ಹುಟ್ಟಿದ್ದು 1860ರ ಜುಲೈ 3ರಂದು, ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಊರಿನಲ್ಲಿ. ಗುಲಾಮಗಿರಿಯ ವಿರುದ್ಧವಾಗಿ ಕಾದಂಬರಿ ಬರೆದು ಲೋಕವಿಖ್ಯಾತಳಾದ ಹ್ಯಾರಿಯೆಟ್ ಬೀಚರ್ ಸ್ಟೋ ಈಕೆಗೆ ತಂದೆಯ ಕಡೆಯಿಂದ ಅಜ್ಜಿಯಾಗಬೇಕು. ತಂದೆ ಫ್ರೆಡರಿಕ್ ಬೀಚರ್ ಪರ್ಕಿನ್ಸನು ಪುಸ್ತಕಭಂಡಾರಿ. ಯಾವ ವಿಷಯಕ್ಕೆ ಯಾವ ಪುಸ್ತಕ ಉತ್ತಮವೆಂಬುದನ್ನು ತಿಳಿಸುವ ಕೈಪಿಡಿಯೊಂದನ್ನು ರಚಿಸಿದವನು. ಮುಂದೆ ಸಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಪುಸ್ತಕಭಂಡಾರಕ್ಕೆ ಮುಖ್ಯಸ್ಥನಾದವನು. ಆದರೆ ಸಂಸಾರವನ್ನು ಆತನು ಮಕ್ಕಳು ಚಿಕ್ಕವರಿದ್ದಾಗಲೇ ಬಿಟ್ಟುಹೋದನು. ಮಗಳು ಹದಿನೇಳು ವರ್ಷದವಳಾಗಿದ್ದಾಗ, ಲೋಕಕ್ಕೆ ಉಪಕಾರ ಮಾಡಬೇಕಾದರೆ ಮೊದಲು ಏನನ್ನು ಓದಬೇಕೆಂದು ಕೇಳಿ ಕಾಗದ ಬರೆದಳು. ತಂದೆ ಒಂದು ಪುಸ್ತಕಪಟ್ಟಿಯನ್ನು ಕಳುಹಿಸಿದನು. ತಾನು ಬರಲಿಲ್ಲ. ಇತ್ತ ತಾಯಿ, ತಾನು ಪಟ್ಟ ದುಃಖವನ್ನು ಮಕ್ಕಳು ಪಡಬಾರದೆಂಬ ಎಣಿಕೆಯಿಂದ, ಗಾಢವಾದ ಸ್ನೇಹವನ್ನೂ ಕಲ್ಪಿತಕಥೆಗಳ ಓದನ್ನೂ ನಿಷೇಧಿಸಿದಳು. ಹೀಗೆ ಓದು ಈ ಹುಡುಗಿಗೆ ಒಂದು ಕಡೆಯಿಂದ ಅನುಪಸ್ಥಿತನಾದ ತಂದೆಯ ಏಕಮಾತ್ರ ದಾನವಾಗಿಯೂ, ಇನ್ನೊಂದು ಕಡೆಯಿಂದ ನಿಷಿದ್ಧಫಲವಾಗಿಯೂ ಬಂದಿತು. ವೈದ್ಯನು ಬರುವುದಕ್ಕಿಂತ ಬಹಳ ಮೊದಲೇ ಓದಿನ ಮೇಲೆ ಹಿರಿಯರ ವಿಧಿನಿಷೇಧಗಳು ಆಕೆಯ ಬಾಳಿನಲ್ಲಿ ಸೇರಿಕೊಂಡಿದ್ದುವೆಂಬುದನ್ನು ಮರೆಯತಕ್ಕದ್ದಲ್ಲ.

1884ರಲ್ಲಿ ಚಾರ್ಲ್ಸ್ ವಾಲ್ಟರ್ ಸ್ಟೆಟ್ಸನ್ ಎಂಬ ಚಿತ್ರಕಾರನನ್ನು ಆಕೆ ಮದುವೆಯಾದಳು. ಮನಸ್ಸಿನಲ್ಲಿ ಹಿಂಜರಿಕೆಯಿದ್ದರೂ ಆದ ಮದುವೆ ಅದು. 1885ರ ಮಾರ್ಚಿಯಲ್ಲಿ ಕ್ಯಾಥರೀನ್ ಎಂಬ ಮಗಳು ಹುಟ್ಟಿದಳು. ಅಲ್ಲಿಂದ ಮುಂದೆ ಆಕೆಯನ್ನು ಗಾಢವಾದ ವಿಷಾದವು ಆವರಿಸಿತು. ಮಗುವನ್ನು ಎತ್ತಿಕೊಂಡರೆ ಸುಖದ ಬದಲು ಸಂಕಟವಾಗುತ್ತಿತ್ತು, ಕಣ್ಣೀರು ನಿಲ್ಲುತ್ತಿರಲಿಲ್ಲ. ಬಾಣಂತಿಯರಿಗೆ ಬರುವ ಚಿತ್ತವಿಕಾರವನ್ನು ಕನ್ನಡನಾಡಿನ ಮುದುಕಿಯರು ‘ಬಾಣಂತಿ ಸನ್ನಿ’ ಎಂಬ ಹೆಸರಿನಿಂದ ಗುರುತಿಸಿ, ಅದರ ಕಾರಣವನ್ನು ಹೆರಿಗೆಯಲ್ಲಿಯೇ ಹುಡುಕುತ್ತಿದ್ದರು. ಚಾರ್ಲಟಳಿಗೆ ಬಂದದ್ದು ಸನ್ನಿಯಷ್ಟು ಉಗ್ರವಲ್ಲದ, ಆದರೆ ದೀರ್ಘವಾದ ವಿಷಾದ. ಅಂದಿನ ಅಮೆರಿಕದ ವೈದ್ಯರು ಇದನ್ನು ನರದೌರ್ಬಲ್ಯವೆಂದು ಕರೆದು, ಕಾರಣವನ್ನು ಹೆಂಗಸು ಬುದ್ಧಿಯನ್ನು ಅತಿಯಾಗಿ ಉಪಯೋಗಿಸಿದುದರಲ್ಲಿ ಕಂಡರು. ಮನೆಯನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಪಸಾಡೆನದಲ್ಲಿದ್ದ ಸ್ನೇಹಿತರ ಬಳಿಗೆ ಹೋದಾಗ ಕಾಯಿಲೆ ತಾನಾಗಿ ಇಳಿಯಿತು. ಹಿಂತಿರುಗಿದೊಡನೆಯೇ ಮತ್ತೆ ಏರಿತು. ಇದರ ಅರ್ಥವು ರೋಗಿಗೆ ಸ್ಪಷ್ಟವಾಗಿತ್ತು, ವೈದ್ಯನಿಗೆ ಆಗಲಿಲ್ಲ.

ಆ ವೈದ್ಯನು ಸಾಮಾನ್ಯನಲ್ಲ. ಸೈಲಾಸ್ ವೇರ್ ಮಿಚೆಲನು (1829–1914) ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳ ವಿಷಯವಾಗಿ ಸಂಶೋಧನೆ ನಡೆಸಿ ಕೀರ್ತಿವಂತನಾದವನು. ಕತ್ತರಿಸಿಹೋದ ಕೈಕಾಲುಗಳು ಇನ್ನೂ ಇರುವಂತೆ ತೋರಿ ನೋಯುವ ವಿಚಿತ್ರಾನುಭವಕ್ಕೆ ವೈದ್ಯಶಾಸ್ತ್ರದಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರನ್ನಿತ್ತವನು ಆತನೇ. ಇಲ್ಲದ ಕೈಯ ನೋವನ್ನು ನಂಬಿದ ಈ ಮಹಾಶಯನು ಎದುರಿಗೆ ಕುಳಿತ ಹೆಂಗಸಿನ ಮಾತನ್ನು ನಂಬಲಿಲ್ಲ. ತನ್ನ ಕಾಯಿಲೆಯ ಇತಿಹಾಸವನ್ನು ಚಾರ್ಲಟಳು ವಿವರವಾಗಿ ಬರೆದು ಆತನಿಗೆ ಒಪ್ಪಿಸಿದಳು. ಅದು ಆತ್ಮಾಭಿಮಾನದ ಲಕ್ಷಣವೆಂದು ಆತನು ತಳ್ಳಿಹಾಕಿದನೆಂದು ಆಕೆ ಬರೆದಿದ್ದಾಳೆ.

ಮಿಚೆಲನ ವಿಶ್ರಾಂತಿಚಿಕಿತ್ಸೆಯ ಸ್ವರೂಪವು ಆತನ 1877ರ ಗ್ರಂಥದಿಂದ ತಿಳಿಯಬರುತ್ತದೆ. ರೋಗಿಯನ್ನು ಮನೆಮಂದಿಯಿಂದ ಬೇರ್ಪಡಿಸಿ ಆರು ವಾರಗಳಿಂದ ಎರಡು ತಿಂಗಳವರೆಗೆ ಹಾಸಿಗೆಯಲ್ಲಿಯೇ ಇಡತಕ್ಕದ್ದು. ಮೊದಮೊದಲು ಎದ್ದು ಕುಳಿತುಕೊಳ್ಳುವುದೂ, ಹೊಲಿಯುವುದೂ, ಬರೆಯುವುದೂ, ಓದುವುದೂ ಕೂಡದು. ಊಟವನ್ನು ಕೂಡ ದಾದಿಯೇ ತಿನ್ನಿಸಬೇಕು. ಹಾಲನ್ನೂ ಕೊಬ್ಬಿನ ಆಹಾರವನ್ನೂ ಹೇರಳವಾಗಿ ಕೊಟ್ಟು ಮೈ ತುಂಬಿಸಬೇಕು; ಅಲುಗಾಡದ ದೇಹದ ಮಾಂಸಖಂಡಗಳು ಸೊರಗದಂತೆ ಅಂಗಮರ್ದನವನ್ನೂ ವಿದ್ಯುತ್ ಪ್ರಯೋಗವನ್ನೂ ಮಾಡಬೇಕು. ಬಳಲಿ ಸವೆದುಹೋದ ಕೆಲವರಿಗೆ ಇದರಿಂದ ಗುಣವಾದುದೂ ನಿಜವೇ. ಈ ಪದ್ಧತಿಯು ಯೂರೋಪಿಗೂ ಹಬ್ಬಿತು. ಆದರೆ ಇದೇ ವೈದ್ಯನು ಗಂಡಸರ ನರದೌರ್ಬಲ್ಯಕ್ಕೆ ವಿಧಿಸುತ್ತಿದ್ದ ಚಿಕಿತ್ಸೆ ಬೇರೆ. ಓವನ್ ವಿಸ್ಟರ್ ಎಂಬ ಯುವಕನನ್ನು 1885ರಲ್ಲಿ ಪಶ್ಚಿಮದ ಬಯಲು ಸೀಮೆಗೆ, ಕುದುರೆ ಸವಾರಿ ಬೇಟೆಗಳಿಗೆ ಕಳುಹಿಸಿದನು. ಆ ಅನುಭವದಿಂದ ವಿಸ್ಟರನು 1902ರಲ್ಲಿ ‘ದಿ ವರ್ಜೀನಿಯನ್’ ಎಂಬ ಪ್ರಖ್ಯಾತ ಕಾದಂಬರಿಯನ್ನು ಬರೆದನು. ಇದಕ್ಕಿಂತಲೂ ವಿಚಿತ್ರವಾದುದೆಂದರೆ, ಹೆಂಗಸರ ಕೈಯಿಂದ ಲೇಖನಿಯನ್ನು ಕಿತ್ತುಕೊಂಡ ಮಿಚೆಲನೇ ಸ್ವತಃ ಕಾದಂಬರಿಕಾರನಾಗಿದ್ದನು. ಆತನ ಐತಿಹಾಸಿಕ ಕಾದಂಬರಿಗಳು ಆ ಕಾಲದಲ್ಲಿ ಬಹು ಜನಪ್ರಿಯವಾಗಿದ್ದುವು.

ಸುಮಾರು ಒಂದು ತಿಂಗಳಾದ ಮೇಲೆ ಚಾರ್ಲಟಳನ್ನು ಮನೆಗೆ ಕಳುಹಿಸಿದರು. ಜೊತೆಗೆ ವಿಧಿಸಿದ ಪಥ್ಯವಿದು: ಆದಷ್ಟೂ ಗೃಹಕೃತ್ಯಗಳಲ್ಲಿಯೇ ಇರತಕ್ಕದ್ದು, ಮಗುವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು, ಪ್ರತಿ ಊಟವಾದ ಮೇಲೂ ಒಂದು ಗಂಟೆ ಮಲಗತಕ್ಕದ್ದು, ದಿನಕ್ಕೆ ಎರಡು ಗಂಟೆಗಳಿಗಿಂತ ಹೆಚ್ಚು ಬುದ್ಧಿಯ ಕೆಲಸ ಕೂಡದು, ಲೇಖನಿ ಕುಂಚ ಸೀಸದಕಡ್ಡಿಗಳನ್ನು ಜೀವವಿರುವವರೆಗೆ ಮುಟ್ಟತಕ್ಕದ್ದಲ್ಲ. ಕೆಲವು ತಿಂಗಳು ಆಕೆ ಇದನ್ನು ನಿಷ್ಠೆಯಿಂದ ಪಾಲಿಸಿದಳು. ಫಲವೇನಾಯಿತೆಂದರೆ, ಚಿಂದಿಬಟ್ಟೆಯ ಬೊಂಬೆಯೊಂದನ್ನು ಮಾಡಿ ಬಾಗಿಲ ಹಿಡಿಗೆ ತೂಗುಹಾಕಿ ಆಡತೊಡಗಿದಳು. ದುಃಖದ ಒತ್ತಡವನ್ನು ತಡೆಯಲಾರದೆ ಮೂಲೆಯ ಕಪಾಟುಗಳೊಳಕ್ಕೂ ಮಂಚದ ಕೆಳಕ್ಕೂ ತೆವಳಿಕೊಂಡು ಹೋಗಿ ಅವಿತುಕೊಳ್ಳುತ್ತಿದ್ದಳು. ಬುದ್ಧಿ ಪೂರ್ಣವಾಗಿ ಕೆಡುವುದಕ್ಕೆ ಅಂಗುಲ ಮಾತ್ರ ಉಳಿದಿದೆಯೆಂದು ತೋರಿದಾಗ ಆ ಪಥ್ಯವನ್ನು ಕಿತ್ತೆಸೆದಳು. 1888ರಲ್ಲಿ ಗಂಡನಿಂದ ಬೇರೆಯಾಗಿ ಮಗಳೊಡನೆ ಪಸಾಡೆನಕ್ಕೆ ಹೋದಳು. ಅಲ್ಲಿ, 1890ರ ಬೇಸಿಗೆಯಲ್ಲಿ, ‘ದಿ ಯೆಲ್ಲೋ ವಾಲ್‌ಪೇಪರ್’ ಅಥವಾ ‘ಹಳದಿಯ ಗೋಡೆಕಾಗದ’ ಎಂಬ ಕಥೆಯನ್ನು ಬರೆದಳು. ತೆವಳುವಿಕೆಯು ಈ ಕಥೆಯ ಮುಖ್ಯ ಚಿತ್ರವಾದುದು ಹೇಗೆಂಬುದು ಈಗ ವಿದಿತವೇ ಆಗಿದೆ.

ಕಥೆಯ ವಸ್ತು ಅಲ್ಪವಾದುದು. ವೈದ್ಯನಾದ ಗಂಡನು ಬಾಣಂತಿಯಾದ ಹೆಂಡತಿಯ ಆರೋಗ್ಯಕ್ಕಾಗಿ ಹಳೆಯ ದೊಡ್ಡ ಮನೆಯೊಂದನ್ನು ಮೂರು ತಿಂಗಳಿಗೆ ಬಾಡಿಗೆ ಹಿಡಿಯುತ್ತಾನೆ. ಹಿಂದೆ ಮಕ್ಕಳ ಕೋಣೆಯಾಗಿದ್ದ ಮಹಡಿಯ ಕೋಣೆಯಲ್ಲಿ ಆಕೆಯನ್ನು ಇಡುತ್ತಾನೆ. ಕಿಟಕಿಗಳಿಗೆ ಸರಳುಗಳಿವೆ; ಗೋಡೆಗಳಲ್ಲಿ ಬಳೆಗಳಿವೆ; ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂಡಿಸಿದೆ. ಗೋಡೆಯ ಮೇಲೆ ಅಲ್ಲಲ್ಲಿ ಹರಿದ, ಹೊಲಸು ಹಳದಿ ಬಣ್ಣದ ಚಿತ್ತಾರದ ಕಾಗದ. ಬರೆಯಬಾರದೆಂಬ ಕಟ್ಟಳೆಯಿರುವುದರಿಂದ ಆಕೆ ಕದ್ದು ಬರೆಯುತ್ತಾಳೆ. ಹೆಜ್ಜೆಯ ಸಪ್ಪಳ ಕೇಳಿದೊಡನೆ ಬಚ್ಚಿಡುತ್ತಾಳೆ. ಹಾಗೆ ಬರೆದ ದಿನಚರಿಯೇ ಈ ಕಥೆ. ಬೇಗ ಗುಣವಾಗದಿದ್ದರೆ ವೇರ್ ಮಿಚೆಲನ ಬಳಿಗೆ ಕಳುಹಿಸುವೆನೆಂದು ಗಂಡನು ಹೇಳುತ್ತಾನೆ. ಬದುಕಿದ್ದ ವೈದ್ಯನ ನಿಜನಾಮವನ್ನು ಕಥೆಯೊಳಗೆ ಹಾಗೆಯೇ ಅಚ್ಚುಹಾಕಿಸಿದ ಧೈರ್ಯವು ಗಮನಾರ್ಹವಾದುದು. ಗಂಡನು ಕ್ರೂರಿಯಲ್ಲ. ಹೆಂಡತಿಯನ್ನು ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ, ಮುದ್ದಿನ ಹೆಸರುಗಳಿಂದ ಕರೆಯುತ್ತಾನೆ, ಪಕ್ಕದಲ್ಲಿ ಕುಳಿತು ಪುಸ್ತಕವನ್ನು ಓದಿ ಹೇಳುತ್ತಾನೆ. ಡಾರ್ವಿನನಿಗೆ ವಿಶ್ರಾಂತಿಯನ್ನು ಕೊಟ್ಟ ಆ ಗಟ್ಟಿ ಓದು ಈಕೆಯ ತಲೆಯನ್ನು ದಣಿಸುತ್ತದೆ. ಕೇಳುವವನು ತಾನೇ ಬಯಸಿ ಕೇಳುವುದು ಬೇರೆ, ಓದುವವನು ತನಗೆ ಒಪ್ಪಿದ್ದನ್ನು ಓದಿ ಹೇಳುವುದು ಬೇರೆ.

ಇಲ್ಲಿ ಕಥೆಯ ಮರ್ಮವಿದೆ. ಸ್ವತಂತ್ರವಾದ ಓದುಬರಹಗಳನ್ನು ಕಳೆದುಕೊಂಡ ಮನಸ್ಸು ಗೋಡೆಯನ್ನು ಓದಲು ತೊಡಗುತ್ತದೆ. ಆ ಚಿತ್ತಾರದ ಗೆರೆಗಳು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆ, ಅವುಗಳಲ್ಲಿ ಕ್ರಮವೇನಿದೆ ಎಂಬುದನ್ನು ಆಕೆ ಶಾಸ್ತ್ರಗ್ರಂಥವನ್ನು ವ್ಯಾಖ್ಯಾನಿಸುವ ಪಂಡಿತನ ಹಠದಿಂದ ಪರೀಕ್ಷಿಸುತ್ತಾಳೆ. ಹಗಲು ಒಂದು ಪಾಠ, ಬೆಳದಿಂಗಳಿನಲ್ಲಿ ಇನ್ನೊಂದು. ಮೇಲಿನ ಚಿತ್ತಾರವು ಕಂಬಿಗಳಾಗಿ, ಅದರ ಹಿಂದೆ ಒಬ್ಬ ಹೆಂಗಸು ಬಗ್ಗಿ ತೆವಳುತ್ತ ಕಂಬಿಗಳನ್ನು ಅಲುಗಿಸುತ್ತಿರುವಂತೆ ಕಾಣುತ್ತದೆ. ಕಡೆಗೆ ಬಾಗಿಲಿಗೆ ಬೀಗ ಹಾಕಿಕೊಂಡು, ಬೀಗದಕೈಯನ್ನು ಕಿಟಕಿಯಿಂದ ಕೆಳಕ್ಕೆಸೆದು, ಕೈಗೆಟಕುವವರೆಗಿನ ಕಾಗದವನ್ನೆಲ್ಲ ಹರಿದುಹಾಕುತ್ತಾಳೆ. ಬಾಗಿಲನ್ನು ತೆರೆಸಿಕೊಂಡು ಒಳಗೆ ಬಂದ ಗಂಡನು ಆಕೆಯನ್ನು ಕಂಡು ಮೂರ್ಛೆಹೋಗಿ ಬೀಳುತ್ತಾನೆ. ಆತನು ದಾರಿಗಡ್ಡವಾಗಿ ಬಿದ್ದಿರುವುದರಿಂದ ಪ್ರತಿ ಸುತ್ತಿನಲ್ಲಿಯೂ ಆತನ ಮೇಲೆಯೇ ಹತ್ತಿ ತೆವಳಬೇಕಾಯಿತಲ್ಲ ಎಂಬ ಗೊಣಗಾಟದಲ್ಲಿ ಕಥೆ ನಿಲ್ಲುತ್ತದೆ.

ಕೋಪ ಎಂಬ ಸ್ಥಾಯಿಭಾವವನ್ನು ಭರತನು ರೌದ್ರರಸಕ್ಕೆ ಹೇಳಿ, ಆ ರಸವನ್ನು ರಾಕ್ಷಸ, ದಾನವ, ಉದ್ಧತಮನುಷ್ಯರ ಪ್ರಕೃತಿಗೆ ಸೇರಿಸಿದ್ದಾನೆ. ಹೆಂಗಸಿನ ಕೋಪ ಕನ್ನಡ ಓದುಗನಿಗೆ ಅಪರಿಚಿತವಲ್ಲ. ಪಂಪನ ದ್ರೌಪದಿಯ ಬಿಚ್ಚಿದ ಮುಡಿ ಒಂದು ಮಹಾಯುದ್ಧವನ್ನೇ ಕಾದಿರುತ್ತದೆ. ಆದರೆ ದ್ರೌಪದಿಯ ಕೋಪವನ್ನು ನೆರವೇರಿಸಲು ಭೀಮನಿದ್ದನು. ಈ ಕಥೆಯ ನಾಯಿಕೆಗೆ ಭೀಮನಿಲ್ಲ, ಶತ್ರುವೂ ಇಲ್ಲ. ಇರುವವನು ಪ್ರೀತಿಯ ಗಂಡನು. ಕೋಪಗೊಳ್ಳುವುದಕ್ಕೆ ತನಗೆ ಕಾರಣವಿಲ್ಲವೆಂದು ತಾನೇ ನಂಬಿದವಳ ಕೋಪವಿದು. ಆದ್ದರಿಂದ ಅದು ರೌದ್ರವಾಗಿ ಸಿಡಿಯದೆ ಭಯಾನಕವಾಗಿ ಹೊರಬರುತ್ತದೆ. ಪುಟಪುಟದಲ್ಲಿಯೂ ಗಂಡನ ಹೊಗಳಿಕೆಯೇ ಇದ್ದು, ಆ ಹೊಗಳಿಕೆಯೇ ವಿಷವಾಗುತ್ತ ಹೋಗುತ್ತದೆ. ಓದಿನಲ್ಲಿ ಜಡಗೊಂಡ ಮನಸ್ಸನ್ನು ಈ ಕಥೆ ಹಿಡಿಯುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಹಿತವನ್ನು ಹೇಳುವ ಕಥೆಯ ಮುಂದೆ ಬೇಸರಗೊಂಡ ಓದುಗನು ನಿಷ್ಕ್ರಿಯನಾಗಿ ಕುಳಿತುಬಿಡಬಹುದು. ಇಲ್ಲಿ ಹೇಳುವವಳ ಮಾತನ್ನು ಇದ್ದಂತೆ ನಂಬಲಾಗುವುದಿಲ್ಲ. ಆಕೆ ಗೋಡೆಯ ಚಿತ್ತಾರದ ಹಿಂದೆ ಹುಡುಕುವಂತೆ ಓದುಗನು ಆಕೆಯ ವಾಕ್ಯಗಳ ಹಿಂದೆ ಹುಡುಕಬೇಕಾಗುತ್ತದೆ. ಒಂದು ಗಂಟೆಯೊಳಗೆ ಮುಗಿಯುವ ಕಥೆಯಾದುದರಿಂದ ನಡುವೆ ಕೆಳಗಿಡುವುದಕ್ಕೆ ಅವಕಾಶವೂ ಇಲ್ಲ.

ಪ್ರಕಟಣೆಯ ಚರಿತ್ರೆಯೂ ಸ್ವಾರಸ್ಯವಾಗಿದೆ. ಹಿರಿಯ ಸಾಹಿತಿ ವಿಲಿಯಮ್ ಡೀನ್ ಹೊವೆಲ್ಸನು ಇದನ್ನು ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯ ಸಂಪಾದಕನಾದ ಹೊರೇಸ್ ಸ್ಕಡರನಿಗೆ ಕಳುಹಿಸಿದನು. ಇದನ್ನೋದಿ ತಾನು ಪಟ್ಟ ಸಂಕಟವನ್ನು ಇತರರಿಗೂ ಉಂಟುಮಾಡಿದರೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರೆನೆಂದು ಸ್ಕಡರನು ಹಿಂದಕ್ಕೆ ಕಳುಹಿಸಿದನು. ಕಥೆಗೆ ಇದಕ್ಕಿಂತ ಮಿಗಿಲಾದ ಪ್ರಶಂಸೆ ದೊರಕಲಾರದು. ಕಡೆಗೆ ಅದು 1892ರ ಜನವರಿಯ ‘ನ್ಯೂ ಇಂಗ್ಲೆಂಡ್ ಮ್ಯಾಗಜೀನ್’ ಸಂಚಿಕೆಯಲ್ಲಿ ಅಚ್ಚಾಯಿತು. ಆಗ ತನಗೆ ಒಂದು ಕಾಸೂ ಬರಲಿಲ್ಲವೆಂದು ಲೇಖಕಿ ಆತ್ಮಕಥೆಯಲ್ಲಿ ದೂರಿದ್ದಾಳೆ. ಬಾಸ್ಟನಿನ ಒಬ್ಬ ವೈದ್ಯನು ಇಂಥ ಕಥೆಗಳನ್ನು ಬರೆಯಲೇಬಾರದು, ಓದಿದವರಿಗೆ ಹುಚ್ಚು ಹಿಡಿಯುವುದೆಂದು ವೃತ್ತಪತ್ರಿಕೆಯಲ್ಲಿ ಆಕ್ಷೇಪಿಸಿದನು. ಕ್ಯಾನ್ಸಸ್ ಸಂಸ್ಥಾನದ ಮತ್ತೊಬ್ಬ ವೈದ್ಯನು ಹುಚ್ಚಿನ ಆರಂಭದಶೆಯನ್ನು ಇಷ್ಟು ಚೆನ್ನಾಗಿ ವರ್ಣಿಸಿದುದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಬರೆದನು. 1899ರಲ್ಲಿ ಬಾಸ್ಟನಿನ ಸ್ಮಾಲ್ ಮೇನಾರ್ಡ್ ಪ್ರಕಾಶಕರು ಇದನ್ನು ಪುಟ್ಟ ಪುಸ್ತಕವಾಗಿ ಹೊರತಂದರು. 1920ರಲ್ಲಿ ಹೊವೆಲ್ಸನು ತನ್ನ ಕಥಾಸಂಗ್ರಹದಲ್ಲಿ ಇದಕ್ಕೆ ಸ್ಥಾನ ಕೊಟ್ಟನು. 1927ರಲ್ಲಿ ಲವ್‌ಕ್ರಾಫ್ಟನು ಭಯಾನಕ ಸಾಹಿತ್ಯವನ್ನು ಕುರಿತ ತನ್ನ ದೀರ್ಘಪ್ರಬಂಧದಲ್ಲಿ ಇದನ್ನು ಹೆಸರಿಸಿದನು.

ಅನಂತರ ಬಹುಕಾಲ ಇದು ದೆವ್ವದ ಕಥೆಗಳ ಸಂಗ್ರಹಗಳಲ್ಲಿ ಮಾತ್ರ ಉಳಿದಿತ್ತು. 1970ರಲ್ಲಿ ಸ್ಥಾಪಿತವಾದ ‘ಫೆಮಿನಿಸ್ಟ್ ಪ್ರೆಸ್’ ಎಂಬ ಸಂಸ್ಥೆಯು 1973ರಲ್ಲಿ ಇದನ್ನು ಇಲೇನ್ ಹೆಜಸಳ ವ್ಯಾಖ್ಯಾನದೊಡನೆ ಮತ್ತೆ ಅಚ್ಚುಹಾಕಿಸಿತು. ಅದೇ ವರ್ಷ ಲಂಡನಿನಲ್ಲಿ ಕಾರ್ಮೆನ್ ಕ್ಯಾಲಿಲಳು ‘ವಿರಾಗೊ’ ಪ್ರಕಾಶನವನ್ನು ಆರಂಭಿಸಿದಳು. 1978ರಿಂದ ಅದರ ಹಸುರು ರಟ್ಟಿನ ಮಾಲಿಕೆಯು ಮರೆತುಹೋಗಿದ್ದ ಅನೇಕ ಲೇಖಕಿಯರನ್ನು ಓದುಗರ ಕೈಗೆ ತಲಪಿಸಿತು. ಆದರೆ ಈ ಪುನರುದ್ಧಾರದ ಉತ್ಸಾಹದಲ್ಲಿ ಒಂದು ಅತಿಶಯೋಕ್ತಿಯೂ ಬೆಳೆಯಿತು. 1892ರಲ್ಲಿ ಕಥೆಯ ನಿಜವಾದ ಅಭಿಪ್ರಾಯವು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಬರಿಯ ದೆವ್ವದ ಕಥೆಯೆಂದೇ ಓದಿದರು ಎಂಬ ಮಾತು ಪ್ರಚಾರವಾಯಿತು. 1990ರ ದಶಕದ ಸಂಶೋಧಕರು ಹಳೆಯ ವಿಮರ್ಶೆಗಳನ್ನು ಹುಡುಕಿ ತೆಗೆದಾಗ, ಇದು ದಾಂಪತ್ಯದ ವಿಷಯವಾದ ಕಥೆಯೆಂಬುದನ್ನು ಮೊದಲ ಓದುಗರಲ್ಲಿಯೂ ಹಲವರು ಗ್ರಹಿಸಿದ್ದರೆಂಬುದು ವ್ಯಕ್ತವಾಯಿತು.

ಗಿಲ್ಮನಳ ಸ್ವಂತ ಹೇಳಿಕೆಗಳನ್ನೂ ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ. ತಾನೊಬ್ಬಳೇ ನಡಸುತ್ತಿದ್ದ ‘ಫೋರ್‌ರನ್ನರ್’ ಮಾಸಪತ್ರಿಕೆಯ 1913ರ ಅಕ್ಟೋಬರ್ ಸಂಚಿಕೆಯಲ್ಲಿ ಆಕೆ ಈ ಕಥೆಯನ್ನು ಬರೆದ ಕಾರಣವನ್ನು ವಿವರಿಸಿ, ಒಂದು ಪ್ರತಿಯನ್ನು ಮಿಚೆಲನಿಗೆ ಕಳುಹಿಸಿದೆನೆಂದೂ, ಆತನು ಉತ್ತರ ಬರೆಯಲಿಲ್ಲವೆಂದೂ, ಆದರೆ ಕಥೆಯನ್ನೋದಿದ ಮೇಲೆ ಚಿಕಿತ್ಸಾಕ್ರಮವನ್ನು ಬದಲಾಯಿಸಿದುದಾಗಿ ಆತನು ಸ್ನೇಹಿತರಿಗೆ ತಿಳಿಸಿದನೆಂದು ಬಹಳ ವರ್ಷಗಳ ಮೇಲೆ ಕೇಳಿದೆನೆಂದೂ ಬರೆದಳು. ಮೂರು ತಿಂಗಳೊಳಗಾಗಿ, 1914ರ ಜನವರಿಯಲ್ಲಿ, ಮಿಚೆಲನು ಮೃತನಾದನು. ಇದು ಮೂರನೆಯವರ ಬಾಯಿಂದ ಬಂದ ಮಾತು. ಮಿಚೆಲನ ಪ್ರಕಟಿತ ಬರಹಗಳಲ್ಲಿ ಇದಕ್ಕೆ ಆಧಾರವಿಲ್ಲ. ಚಿಕಿತ್ಸೆಯಂತೂ ಆತನು ಸತ್ತ ಮೇಲೂ ಮುಂದುವರಿಯಿತು. ಇನ್ನೊಂದು ವಿಷಯವನ್ನೂ ಮರೆಸಲಾಗದು. ಹೆಂಗಸರ ಬಂಧನವನ್ನು ಇಷ್ಟು ತೀಕ್ಷ್ಣವಾಗಿ ಕಂಡ ಈಕೆ ಅಮೆರಿಕಕ್ಕೆ ವಲಸೆ ಬಂದವರ ವಿಷಯದಲ್ಲಿಯೂ ಕಪ್ಪುಜನರ ವಿಷಯದಲ್ಲಿಯೂ ಬರೆದ ಮಾತುಗಳು ಜನಾಂಗದ್ವೇಷದಿಂದ ಕೂಡಿವೆ. 1989ರಲ್ಲಿ ಸೂಸನ್ ಲ್ಯಾನ್ಸರ್ ಎಂಬ ವಿಮರ್ಶಕಿ, ಏಷ್ಯದ ಜನರನ್ನು ಕುರಿತು ಅಮೆರಿಕದಲ್ಲಿ ಆಗ ಹಬ್ಬಿದ್ದ ಭೀತಿಯ ಹಿನ್ನೆಲೆಯಲ್ಲಿ ಗೋಡೆಕಾಗದದ ‘ಹಳದಿ’ಯನ್ನು ಮತ್ತೆ ಓದಬೇಕೆಂದು ವಾದಿಸಿದಳು. ಕಥೆಯ ಬಣ್ಣಕ್ಕೆ ಇದೊಂದೇ ಅರ್ಥವೆಂದು ಒಪ್ಪದಿದ್ದರೂ, ಈ ಪ್ರಶ್ನೆಯನ್ನು ಕೇಳದೆ ಇನ್ನು ಮುಂದೆ ಇದನ್ನು ಓದುವುದು ಕಷ್ಟ.

ಕೋಪವು ಕಲೆಯನ್ನು ಕೆಡಿಸುತ್ತದೆಯೇ ಎಂಬ ಹಳೆಯ ಪ್ರಶ್ನೆಯೊಂದಿದೆ. ಷಾರ್ಲಟ್ ಬ್ರಾಂಟಿಯ ‘ವಿಲೆಟ್’ ಕಾದಂಬರಿಯು ಬಂದ 1853ರಲ್ಲಿ ಮ್ಯಾಥ್ಯೂ ಆರ್ನಲ್ಡನು, ಲೇಖಕಿಯ ಮನಸ್ಸಿನಲ್ಲಿ ಹಸಿವು ಬಂಡಾಯ ಕ್ರೋಧಗಳ ಹೊರತು ಬೇರೇನೂ ಇಲ್ಲದಿರುವುದರಿಂದ ಅದು ಅಪ್ರಿಯವಾಗಿದೆಯೆಂದು ಒಂದು ಕಾಗದದಲ್ಲಿ ಬರೆದನು. ಇದು ಗಂಡಸಿನ ಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ 1929ರಲ್ಲಿ ವರ್ಜೀನಿಯ ವುಲ್ಫಳು ಕೂಡ ‘ಎ ರೂಮ್ ಆಫ್ ಒನ್ಸ್ ಓನ್’ ಗ್ರಂಥದಲ್ಲಿ, ಬ್ರಾಂಟಿಯು ಶಾಂತಳಾಗಿ ಬರೆಯಬೇಕಾದ ಕಡೆಯಲ್ಲಿ ಕೋಪದಿಂದ ಬರೆದುದರಿಂದ ಆಕೆಯ ಪ್ರತಿಭೆ ಪೂರ್ಣವಾಗಿ ಅರಳಲಿಲ್ಲವೆಂದು ಅಭಿಪ್ರಾಯಪಟ್ಟಳು. ವುಲ್ಫಳಿಗೆ ವಿಶ್ರಾಂತಿಚಿಕಿತ್ಸೆಯ ಅನುಭವವಿತ್ತು. 1910ರಲ್ಲಿ ಟ್ವಿಕನ್‌ಹ್ಯಾಮಿನ ಶುಶ್ರೂಷಾಲಯದಲ್ಲಿ ಹಾಲು, ಹಾಸಿಗೆ, ಏಕಾಂತಗಳ ಆ ಪದ್ಧತಿಗೆ ಆಕೆ ಒಳಗಾಗಿದ್ದಳು. ಓದುಬರಹಗಳಿಗೆ ಮಿತಿ ಹಾಕಿದ ವೈದ್ಯರನ್ನು ಚೆನ್ನಾಗಿ ಬಲ್ಲವಳಾಗಿದ್ದಳು. 1925ರ ‘ಮಿಸೆಸ್ ಡಾಲೊವೆ’ ಕಾದಂಬರಿಯಲ್ಲಿ ಸರ್ ವಿಲಿಯಮ್ ಬ್ರಾಡ್‌ಷಾ ಎಂಬ ವೈದ್ಯನನ್ನು ಚಿತ್ರಿಸುವಾಗ ಆಕೆಯ ಲೇಖನಿಯು ಶಾಂತವಾಗಿದ್ದಿತೆಂದು ಯಾರೂ ಹೇಳಲಾರರು. ಆ ಕೆಲವು ಪುಟಗಳು ಆ ಕಾದಂಬರಿಯ ಅತಿ ಪ್ರಬಲವಾದ ಪುಟಗಳಲ್ಲಿ ಸೇರಿವೆ. ಸಿದ್ಧಾಂತವನ್ನು ಹೇಳಿದವಳೇ ಪ್ರಯೋಗದಲ್ಲಿ ಅದನ್ನು ಮೀರಿದ್ದಾಳೆ. ಗಿಲ್ಮನಳ ವಿಷಯದಲ್ಲಂತೂ ತಕ್ಕಡಿ ಸ್ಪಷ್ಟವಾಗಿ ಒಂದು ಕಡೆಗೆ ವಾಲುತ್ತದೆ. ಹೆಂಗಸರೇ ಇರುವ ಆದರ್ಶರಾಜ್ಯವನ್ನು ವರ್ಣಿಸುವ ಆಕೆಯ ‘ಹರ್‌ಲ್ಯಾಂಡ್’ (1915) ಪ್ರಸನ್ನವಾದ, ಹಿತೋಪದೇಶದಿಂದ ತುಂಬಿದ ಕೃತಿ. ಅದನ್ನು ಕರ್ತವ್ಯವೆಂದು ಓದುವವರೇ ಹೆಚ್ಚು.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ವಸ್ತುವನ್ನು ತೆಗೆದುಕೊಂಡವರು ತ್ರಿವೇಣಿಯವರು (1928–1963). ಅವರ ‘ಶರಪಂಜರ’ದ ಕಾವೇರಿಗೆ ಹೆರಿಗೆಯ ಅನಂತರ ಬುದ್ಧಿವಿಕಲ್ಪವಾಗುತ್ತದೆ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ, ಆದರೆ ಮನೆಯವರ ಅನುಮಾನವೂ ಗಂಡನ ದ್ರೋಹವೂ ಆಕೆಯನ್ನು ಮತ್ತೆ ಆ ಕತ್ತಲೆಗೇ ನೂಕುತ್ತವೆ. ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿ ಮಾಡಿದ್ದು 1971ರಲ್ಲಿ. ಎರಡು ಕಥೆಗಳಿಗೂ ಇರುವ ವ್ಯತ್ಯಾಸ ಗಮನಿಸತಕ್ಕದ್ದು: ಅಮೆರಿಕದ ಕಥೆಯಲ್ಲಿ ವೈದ್ಯನೂ ಗಂಡನೂ ಒಬ್ಬನೇ; ಚಿಕಿತ್ಸೆಯೇ ರೋಗ. ತ್ರಿವೇಣಿಯವರಲ್ಲಿ ವೈದ್ಯಶಾಸ್ತ್ರದ ಮೇಲೆ ಭರವಸೆಯಿದೆ. ಆಸ್ಪತ್ರೆ ಕಟ್ಟಿದ್ದನ್ನು ಸಂಸಾರ ಕೆಡವುತ್ತದೆ.

ಗಿಲ್ಮನಳು ಅರ್ಬುದರೋಗದಿಂದ ನರಳುತ್ತಿದ್ದು, 1935ರ ಆಗಸ್ಟ್ 17ರಂದು ಪಸಾಡೆನದಲ್ಲಿ ಸ್ವಇಚ್ಛೆಯಿಂದ ಪ್ರಾಣ ಬಿಟ್ಟಳು. ಆತ್ಮಕಥೆ ಅದೇ ವರ್ಷ ಹೊರಬಂದಿತು. ಆಕೆಯ ಕಾಗದಪತ್ರಗಳು ಈಗ ಹಾರ್ವರ್ಡಿನ ಶ್ಲೆಸಿಂಗರ್ ಪುಸ್ತಕಭಂಡಾರದಲ್ಲಿವೆ. ಕಥೆಯ ಪಾಠದಲ್ಲಿ ಒಂದು ಸಂಶಯ ಮಾತ್ರ ಪರಿಹಾರವಾಗದೆ ಉಳಿದಿದೆ. ಕಟ್ಟಕಡೆಯಲ್ಲಿ ನಾಯಿಕೆಯು ಗಂಡನಿಗೆ, ನೀನೂ ಜೇನಳೂ ತಡೆದರೂ ತಾನು ಹೊರಗೆ ಬಂದುಬಿಟ್ಟೆನೆಂದು ಹೇಳುತ್ತಾಳೆ. ಕಥೆಯಲ್ಲಿ ಇದಕ್ಕೆ ಮೊದಲು ಜೇನ್ ಎಂಬ ಹೆಸರು ಎಲ್ಲಿಯೂ ಬಂದಿಲ್ಲ. ಗಂಡನ ತಂಗಿಯ ಹೆಸರು ಜೆನ್ನಿ. ಜೇನ್ ಎಂಬುದು ಅದರ ಅಚ್ಚಿನ ತಪ್ಪಿರಬೇಕೆಂದು ಕೆಲವರು ಊಹಿಸಿದ್ದಾರೆ. ಅದುವರೆಗೂ ಹೆಸರೇ ಇಲ್ಲದಿದ್ದ ನಾಯಿಕೆಯ ಸ್ವಂತ ಹೆಸರೇ ಅದು, ಕಾಗದದ ಹಿಂದಿನ ಹೆಂಗಸು ಈ ವಿಧೇಯಳಾದ ಜೇನಳನ್ನು ಸಹ ತನ್ನನ್ನು ತಡೆದವರಲ್ಲಿ ಎಣಿಸುತ್ತಿದ್ದಾಳೆ ಎಂದು ಮತ್ತೆ ಕೆಲವರು ವಾದಿಸುತ್ತಾರೆ.